ಅನುಮಾನಪ್ಪನವರ ಬಲಗಿವಿ

ಆ ಬೀದಿಯ ಪಿಟೀಲು ರಿಪೇರಿಯವರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಯಾವುದಾದರೂ ಅರ್ಜಿ ತುಂಬುವಾಗ ಮಾತ್ರ ಅದು ಅವರ ಹೆಂಡತಿಗೂ ನೆನಪಾಗುತ್ತಿತ್ತು. ಜನ ಕರೆಯುತ್ತಿದ್ದದ್ದು ಅನುಮಾನಪ್ಪ ಅಂತ. ಬೆನ್ನ ಹಿಂದೆ ಅನ್ನಿ, ಎದುರಿಗೆ ಕರೆಯುವ ಧೈರ್ಯ ಯಾರಿಗಿತ್ತು? ಆದರೆ ಅವರಿಗೆ ಅದೂ ಗೊತ್ತಿತ್ತು. ಬೆನ್ನ ಹಿಂದೆ ಜನ ಏನಂತಾರೋ ಅನ್ನುವ ಯೋಚನೆ ಇಲ್ಲದಿದ್ದರೆ ಅವರು ಅನುಮಾನಪ್ಪ ಹೇಗೆ ಆಗುತ್ತಿದ್ದರು, ನೀವೇ ಹೇಳಿ.

ಹಗ್ಗ ಕಂಡರೆ ಹಾವು ಅನ್ನುವವರನ್ನು ನೀವು ನೋಡಿರುತ್ತೀರಿ. ಇವರು ಹಾವು ಕಂಡರೂ 'ಇದು ಹಾವೇ ಅಂತ ಏನು ಗ್ಯಾರಂಟಿ?' ಅನ್ನುವ ಪೈಕಿ. ಅಂಚೆಯವನು ಕಾಗದಗಳನ್ನು ಸರಿಯಾಗಿ ತಲುಪಿಸುತ್ತಾನೋ ಇಲ್ಲವೋ ನೋಡೋಣ ಅಂತ ಒಮ್ಮೆ ತಮಗೆ ತಾವೇ ಒಂದು ಕಾಗದ ಬರೆದು ಡಬ್ಬಕ್ಕೆ ಹಾಕಿದರು. ಮರುದಿನವೇ ಬಂತು. ಸಮಾಧಾನ ಆಯಿತೇ? ಎಲ್ಲಿ! 'ಒಂದೇ ದಿನದಲ್ಲಿ ಹೇಗೆ ಬಂತು? ಒಡೆದು ಓದಿದಾನೆ, ಪರೀಕ್ಷೆ ಅಂತ ಗೊತ್ತಾಗಿದೆ, ಅದಕ್ಕೇ ಓಡಿ ಬಂದಿದಾನೆ' ಅಂದರು. ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ನಾಲ್ಕನೇ ಸಲ ಜಗ್ಗುತ್ತಿದ್ದರು. 'ಆ ಬೀಗಕ್ಕೇ ನಿಮ್ಮ ಮೇಲೆ ಅನುಮಾನ ಬಂದಿರುತ್ತೆ ಬಿಡಿ' ಅಂತ ಹೆಂಡತಿ ಹೇಳಿದ್ದರು.

ಆದರೆ ಅವರ ಕಸುಬಿಗೆ ಈ ಗುಣ ಚೆನ್ನಾಗಿ ಒಗ್ಗಿತ್ತು. ರಿಪೇರಿಗೆ ಬಂದ ಪಿಟೀಲನ್ನು ಬಲಗಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಮರವನ್ನು ಟಕ್ ಟಕ್ ಅಂತ ತಟ್ಟುತ್ತಾ ಬರುತ್ತಿದ್ದರು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಸಿಗುತ್ತಿತ್ತು. 'ಇಲ್ಲಿದೆ ನೋಡಿ' ಅಂತ ಉಗುರಿನಿಂದ ಗೆರೆ ಎಳೆದರೆ ಮುಗಿಯಿತು. ಬಿಚ್ಚಿ ನೋಡಿದಾಗ ಬಿರುಕು ಅಲ್ಲೇ ಇರುತ್ತಿತ್ತು.

ಇಂಥ ಕಿವಿಯ ದೆಸೆಯಿಂದಲೇ ಅವರಿಗೆ ಒಂದು ಕುರ್ಚಿ ಸಿಕ್ಕಿತ್ತು. ಊರಿನಲ್ಲಿ ಪ್ರತಿ ಬೇಸಿಗೆ ಮೂರು ದಿನ ದೊಡ್ಡ ಸಂಗೀತ ಉತ್ಸವ ನಡೆಯುತ್ತದೆ. ಮೈದಾನದ ನಡುವೆ ದೊಡ್ಡ ವೇದಿಕೆ, ಅಲ್ಲಿ ದೊಡ್ಡ ಹೆಸರಿನವರು. ಪಕ್ಕದಲ್ಲಿ ಎರಡನೇ ವೇದಿಕೆ. ಇನ್ನು ಆ ಕಡೆ, ಗಾಡಿ ನಿಲ್ಲಿಸುವ ಜಾಗದ ಪಕ್ಕ, ನೀರಿನ ಟ್ಯಾಂಕಿನ ಬುಡದಲ್ಲಿ, ಒಂದು ತಾಡಪಾಲಿನ ಕೆಳಗೆ ಮೂಲೆ ವೇದಿಕೆ. ಅಲ್ಲಿ ದಿನಕ್ಕೊಬ್ಬರು, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಹೆಸರೇ ಕೇಳಿರದವರು. ಮೊದಮೊದಲು ಜನ ನೆರಳಿಗೆ ಅಂತ ಬಂದು ಕೂತು ಬೆವರು ಒರೆಸಿಕೊಂಡು ಹೋಗುತ್ತಿದ್ದರು. ಆಮೇಲೆ ಅನುಮಾನಪ್ಪನವರು ಆರಿಸಲು ಶುರು ಮಾಡಿದರು. ವರ್ಷಕ್ಕೆ ಮೂರೇ ಮೂರು ಜನ. ಹದಿನಾಲ್ಕು ವರ್ಷದಲ್ಲಿ ಅವರು ಆರಿಸಿದ ನಲವತ್ತೆರಡರಲ್ಲಿ ಒಬ್ಬರೂ ಸೋಲಲಿಲ್ಲ. ಕಾರ್ಯಕ್ರಮದ ಪಟ್ಟಿಯನ್ನು ಕೆಳಗಿನ ಸಣ್ಣ ಅಕ್ಷರದಿಂದ ಮೇಲಕ್ಕೆ ಓದುವ ಒಂದು ಗುಂಪೇ ಹುಟ್ಟಿಕೊಂಡಿತು. 'ದೊಡ್ಡವರನ್ನ ಯಾವಾಗ ಬೇಕಾದರೂ ಕೇಳಬಹುದು, ಈ ಸಲ ಮೂಲೇಲಿ ಯಾರು?' ಅಂತ ಅವರು ಕೇಳುತ್ತಿದ್ದರು.

ಆರಿಸುವ ರೀತಿ ಅವರದೇ. ಯಾರೂ ಅರ್ಜಿ ಹಾಕುವ ಹಾಗಿಲ್ಲ, ಧ್ವನಿಮುದ್ರಣ ಕಳಿಸುವ ಹಾಗಿಲ್ಲ. ಎಲ್ಲೋ ಯಾರೋ ಹಾಡುತ್ತಾರೆ ಅಂತ ಸುದ್ದಿ ಸಿಕ್ಕರೆ ಹೇಳದೆ ಕೇಳದೆ ಬಾಗಿಲು ತಟ್ಟುತ್ತಿದ್ದರು. 'ಹೇಳಿ ಹೋದರೆ ಕಿವಿ ಮೇಲೆ ಹೂವಿಡೋಕೆ ತಯಾರಾಗಿರ್ತಾರೆ' ಅನ್ನುವುದು ಅವರ ವಾದ. ಅದಕ್ಕೆ ಕಾರಣವೂ ಇತ್ತು. ಏಳು ವರ್ಷದ ಹಿಂದೆ ಒಬ್ಬ ಗಾಯಕ ಎರಡನೇ ವೇದಿಕೆಯ ಮೇಲೆ ಕಣ್ಣು ಮುಚ್ಚಿ ಹಾಡುತ್ತಿದ್ದ, ಜನ ಮೈಮರೆತಿದ್ದರು. ಇವರು ಎದ್ದು ವೇದಿಕೆಯ ಹಿಂದೆ ಹೋಗಿ ಅಲ್ಲಿ ಅಡಗಿಸಿದ್ದ ಟೇಪಿನ ವೈರು ಕಿತ್ತರು. ಹಾಡು ನಿಂತಿತು, ಅವನ ತುಟಿ ಇನ್ನೂ ಆಡುತ್ತಿತ್ತು! ಅವತ್ತಿನಿಂದ ಅವರ ಮಾತೇ ಕೊನೆಯ ಮಾತು. ಅವರು ಬೇಡ ಅಂದರೆ ಬೇಡ, ಕಾರಣ ಕೇಳುವ ಪದ್ಧತಿ ಇಲ್ಲ.

ಈಗ ಗುಟ್ಟಿನ ಮಾತಿಗೆ ಬರೋಣ. ಹೋದ ಚಳಿಗಾಲದಲ್ಲಿ ಅವರಿಗೆ ನಾಲ್ಕು ದಿನ ಜ್ವರ ಬಂತು. ಐದನೇ ದಿನ ಬೆಳಿಗ್ಗೆ ಎದ್ದಾಗ ಬಲಗಿವಿ ಕೇಳಿಸುತ್ತಿರಲಿಲ್ಲ. ಎಣ್ಣೆ ಬಿಟ್ಟುಕೊಂಡರು, ಬಿಸಿ ಬಟ್ಟೆ ಒತ್ತಿಕೊಂಡರು, ತಲೆ ಒಂದು ಕಡೆ ವಾಲಿಸಿ ಕುಣಿದರು. ಏನೂ ಆಗಲಿಲ್ಲ. ಇಲ್ಲಿನ ಡಾಕ್ಟರ ಬಾಯಿ ಮೇಲೆ ನಂಬಿಕೆ ಇಲ್ಲದೆ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ ತೋರಿಸಿಕೊಂಡು ಬಂದರು. ನರ ಸತ್ತಿದೆ, ಇನ್ನು ಬರುವುದಿಲ್ಲ ಅಂತ ಆ ಡಾಕ್ಟರು ಹೇಳಿದರು. ಇನ್ನೇನೋ ವಿವರಿಸಲು ಬಾಯಿ ತೆರೆದರು, ಇವರು ಕೇಳದೆ ಎದ್ದು ಬಂದುಬಿಟ್ಟರು.

ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಉಳಿಯುತ್ತದೆಯೇ? ಒಂಟಿ ಕಿವಿಯವನ ಮಾತನ್ನು ಕೊನೆಯ ಮಾತು ಅಂತ ಯಾರು ಒಪ್ಪುತ್ತಾರೆ? ಉತ್ಸವದ ಕಾರ್ಯದರ್ಶಿ ಬೇರೆ ಎರಡು ವರ್ಷದಿಂದ ಹೊಂಚು ಹಾಕಿ ಕೂತಿದ್ದ. 'ಈಗ ಎಲ್ಲಾ ಮೊಬೈಲಲ್ಲೇ ಕೇಳಬಹುದಲ್ಲ ಸರ್, ಪಾಪ, ನೀವ್ಯಾಕೆ ಮನೆಮನೆ ಅಲೀಬೇಕು' ಅಂತ ಸಿಹಿಯಾಗಿ ಹೇಳುತ್ತಿದ್ದ. ಆ 'ಪಾಪ' ಕೇಳಿದರೆ ಅನುಮಾನಪ್ಪನವರ ಮೈ ಉರಿಯುತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವರು ದಿನಾ ನೂರು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಯಾರಾದರೂ ಜೋರಾಗಿ ಮಾತಾಡಿದರೆ ಇವನಿಗೆ ಗೊತ್ತಾಗಿದೆ ಅನ್ನಿಸುತ್ತಿತ್ತು, ಮೆಲ್ಲಗೆ ಮಾತಾಡಿದರೆ ಪರೀಕ್ಷೆ ಮಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಅದರ ಜೊತೆಗೆ ಇನ್ನೊಂದು ಕಾಟ. ಊರೆಲ್ಲ ಅವರ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಎದುರು ಅಂಗಡಿಯ ಚಪ್ಪಲಿ ಹೊಲಿಯುವವನು 'ಯಜಮಾನ್ರೇ' ಅಂತ ಕೂಗುತ್ತಿದ್ದ, ಇವರು ಎಡಕ್ಕೆ ತಿರುಗಿದರೆ ಅಲ್ಲಿ ಗೋಡೆ, ಅವನು ಬಲಗಡೆ ನಿಂತು ಹಲ್ಲು ಬಿಡುತ್ತಿದ್ದ. ಸೈಕಲ್ಲಿನವನು ಎಡಗಡೆ ಬೆಲ್ಲು ಹೊಡೆದು ಬಲಗಡೆಯಿಂದ ಸವರಿಕೊಂಡು ಹೋಗುತ್ತಿದ್ದ. 'ಬೇಕೂಂತ ಮಾಡ್ತಾರೆ. ಎಲ್ಲಾ ಸೇರ್ಕೊಂಡಿದಾರೆ' ಅಂತ ಅವರು ಹಲ್ಲು ಕಡಿದುಕೊಂಡರು. ತಮ್ಮ ಕಿವಿಯೇ ಹಾಗೆ ಹೇಳುತ್ತಿರಬಹುದು ಅಂತ ಅವರಿಗೆ ಹೊಳೆಯಲಿಲ್ಲ. ಲೋಕದ ಮೇಲೆಲ್ಲ ಅನುಮಾನಪಟ್ಟವರು, ಉಳಿದಿದ್ದ ಆ ಒಂದು ಕಿವಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದರು.

ಈ ಬೇಸಿಗೆಗೆ ಇಬ್ಬರು ಸಿಕ್ಕಿದ್ದರು. ಒಬ್ಬರು ನಿವೃತ್ತ ರೈಲು ಗಾರ್ಡು, ಬಾಯಿಸಿಳ್ಳಿನಲ್ಲಿ ಎರಡು ಸ್ವರ ಒಟ್ಟಿಗೆ ಹಿಡಿಯುವವರು. ಇನ್ನೊಬ್ಬಾಕೆ ಬ್ರೆಡ್ಡಿನ ಅಂಗಡಿಯವಳು, ಹಿಟ್ಟು ನಾದುತ್ತಾ ಹಾಡುವವಳು. ಇಬ್ಬರ ಮನೆಯಲ್ಲೂ ಅನುಮಾನಪ್ಪನವರು ಬಲಭುಜವನ್ನು ಗೋಡೆಗೆ ಒತ್ತಿ ಕೂತು, ಅವರನ್ನು ಎಡಕ್ಕೆ ನಿಲ್ಲಿಸಿಕೊಂಡು ಕೇಳಿದ್ದರು. ಮೂರನೆಯವರು ಸಿಕ್ಕಿರಲಿಲ್ಲ. ಪಟ್ಟಿ ಅಚ್ಚಿಗೆ ಹೋಗಲು ವಾರವೂ ಉಳಿದಿರಲಿಲ್ಲ.

ಆಗ ಹೆಂಡತಿ ಬಾಯಿ ಬಿಟ್ಟರು. ಅವರು ಮಂಡಿನೋವಿಗೆ ವ್ಯಾಯಾಮ ಮಾಡಿಸಿಕೊಳ್ಳಲು ದಿನವೂ ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದರು.

'ರೀ, ಆಸ್ಪತ್ರೆ ಕ್ಯಾಂಟೀನಲ್ಲಿ ಪಾತ್ರೆ ತೊಳೆಯೋಳು ಒಬ್ಬಳಿದಾಳೆ. ಕೆಲಸ ಮುಗಿದ ಮೇಲೆ ಗಾಜಿನ ಲೋಟಕ್ಕೆ ನೀರು ತುಂಬಿಸಿಟ್ಟು, ಒದ್ದೆ ಬೆರಳಲ್ಲಿ ಅದರ ಅಂಚು ಸವರ್ತಾಳೆ. ಅಯ್ಯೋ, ಆ ನಾದ! ನಾನು ಮಂಡಿ ಮರೆತು ನಿಂತ್ಕೊಂಡುಬಿಟ್ಟೆ. ಒಂದ್ಸಲ ಹೋಗಿ ಕೇಳಿ.'

ಅನುಮಾನಪ್ಪನವರು ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. ಹದಿನಾಲ್ಕು ವರ್ಷದಲ್ಲಿ ಇವಳು ಒಬ್ಬರ ಹೆಸರನ್ನೂ ಹೇಳಿದವಳಲ್ಲ. ಈಗ ಯಾಕೆ? ಯಾರು ಹೇಳಿಸಿದರು? ಆ ಕಾರ್ಯದರ್ಶಿಯ ತಂಗಿ ಅದೇ ಆಸ್ಪತ್ರೆಯಲ್ಲಿ ನರ್ಸಲ್ಲವೇ? ತಲೆಯೊಳಗೆ ಹುಳ ಹೊಕ್ಕಿತು.

'ನೋಡೋಣ' ಅಂದರು. ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಹೇಳದೆ ಕೇಳದೆ ಹೊರಟರು.

ಕ್ಯಾಂಟೀನಿನ ಹಿಂದೆ ಪಾತ್ರೆ ತೊಳೆಯುವ ಉದ್ದನೆಯ ಕೋಣೆ. ಸೊಂಟದೆತ್ತರಕ್ಕೆ ಬಿಳಿ ಟೈಲ್ಸು, ನಾಲ್ಕು ದೊಡ್ಡ ತೊಟ್ಟಿ, ಸೋಪಿನ ಘಾಟು, ಕಾಲ ಕೆಳಗೆ ಸದಾ ಒದ್ದೆ. ಎಡಗಡೆ ದಾಸ್ತಾನು ಕೋಣೆಯ ಬಾಗಿಲು, ಅರ್ಧ ಮುಚ್ಚಿದ್ದು. ಪಾತ್ರೆ ತೊಳೆಯುವಾಕೆ ನಲವತ್ತು ದಾಟಿದವಳು, ಬೆರಳುಗಳು ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬಂದವರು ಯಾರು ಅಂತ ಗೊತ್ತಾದದ್ದೇ ಮೇಲ್ವಿಚಾರಕ ಓಡಿ ಬಂದ, ಅಡುಗೆಯವನು ಬಂದ, ಬಡಿಸುವವರು ಬಂದರು. ಎಲ್ಲರೂ ಸೇರಿ ಅನುಮಾನಪ್ಪನವರನ್ನು ಕೋಣೆಯ ನಡುಮಧ್ಯೆ ಒಂದು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರಿಸಿದರು. ಬಲಕ್ಕೆ ಗೋಡೆ ಬೇಕು ಅಂತ ಕೇಳುವ ಹಾಗಿಲ್ಲ. ಕೇಳಿದರೆ ಯಾಕೆ ಅಂತಾರೆ.

ಅವಳು ಸ್ಟೀಲಿನ ಮೇಜಿನ ಮೇಲೆ ಹದಿನೆಂಟು ಲೋಟ ಇಟ್ಟಳು. ಎರಡರ ಅಂಚು ಚೂರು ಒಡೆದಿತ್ತು, ಅವನ್ನು ತೆಗೆದು ಬೇರೆ ಇಟ್ಟಳು. ಒಂದಕ್ಕೆ ತುಂಬ, ಒಂದಕ್ಕೆ ಮುಕ್ಕಾಲು, ಒಂದಕ್ಕೆ ತಳ ಮುಚ್ಚುವಷ್ಟು ನೀರು ಬಿಟ್ಟಳು. ಚಮಚದಲ್ಲಿ ತಟ್ಟಿ, ಬೆರಳಲ್ಲಿ ಒಂದೆರಡು ಹನಿ ತೆಗೆದು, ಮತ್ತೆ ತಟ್ಟಿದಳು. ಆಮೇಲೆ ಬೆರಳು ಅದ್ದಿ ಅಂಚು ಸವರಿದಳು.

ಅನುಮಾನಪ್ಪನವರು ಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿದರು. ನಲವತ್ತೆರಡು ಜನರನ್ನು ಆರಿಸಿದ ಕಿವಿ ಅದು. ಇಂಥದ್ದು ಬಿದ್ದಿರಲಿಲ್ಲ. ಇವಳೇ ಮೂರನೆಯವಳು ಅಂತ ಮನಸ್ಸು ಕೂಗಿತು. ಆ ಕೂಗಿನ ಬೆನ್ನಿಗೇ ಇನ್ನೊಂದು ಬಂತು. ಬೆರಳು ಎದುರಿಗಿದೆ. ಶಬ್ದ ಎಡಗಡೆಯಿಂದ ಬರುತ್ತಿದೆ!

ಅವರು ತಲೆ ಅಲ್ಲಾಡಿಸದೆ ಕೇಳಿದರು. ಹೌದು, ಎಡಗಡೆ. ದಾಸ್ತಾನು ಕೋಣೆಯ ಬಾಗಿಲಿನ ಕಡೆಯಿಂದ. ಮೇಲ್ವಿಚಾರಕ ಅದೇ ಬಾಗಿಲಿಗೆ ಒರಗಿ ನಿಂತು ಹಲ್ಲು ಕಿರಿಯುತ್ತಿದ್ದಾನೆ. ಕ್ಯಾಂಟೀನಿನ ಅಗ್ಗದ ಲೋಟ ಎಲ್ಲಾದರೂ ಹೀಗೆ ನುಡಿಯುತ್ತದೆಯೇ? ಹೆಂಡತಿಯ ಬಾಯಲ್ಲಿ ಹೇಳಿಸಿ, ಇಲ್ಲಿ ಕರೆಸಿ, ಟೇಪು ಹಚ್ಚಿ, ನಾನು ಆರಿಸಿದ ಮೇಲೆ ಮೈದಾನದಲ್ಲಿ ಎಲ್ಲರೆದುರು ಬಯಲು ಮಾಡುವ ಹೂಟ! ಕಾರ್ಯದರ್ಶಿಯ ಮುಖ ಕಣ್ಣ ಮುಂದೆ ಬಂತು.

ಎದ್ದೇ ಎದ್ದರು. ಮೇಲ್ವಿಚಾರಕನನ್ನು ಪಕ್ಕಕ್ಕೆ ತಳ್ಳಿ ಬಾಗಿಲನ್ನು ದಡಾರನೆ ತೆರೆದರು. ಒಳಗೆ ಮೂರು ಮೂಟೆ ಆಲೂಗಡ್ಡೆ, ಕಾಲು ಮುರಿದ ಕುರ್ಚಿ, ಎಣ್ಣೆಯ ಡಬ್ಬಗಳು. ಅವರು ಮಂಡಿಯೂರಿ ಮೂಟೆಗಳ ಹಿಂದೆ ಕೈ ಹಾಕಿದರು. ಸಿಕ್ಕಿತು. ಒಂದು ಹಳೆಯ ರೇಡಿಯೋ.

'ಇದೇನು?'

ಸಂಗೀತ ಯಾವಾಗಲೋ ನಿಂತಿತ್ತು. ಅಡುಗೆಯವನು ತಡವರಿಸಿದ. 'ನಂದು ಸರ್ ಅದು. ಕೆಟ್ಟು ಎರಡು ವರ್ಷ ಆಯ್ತು. ಸೆಲ್ಲೂ ಇಲ್ಲ ಅದರಲ್ಲಿ, ನೋಡಿ ಬೇಕಾದ್ರೆ.'

ತಿರುವಿ ನೋಡಿದರು. ಸೆಲ್ಲಿರಲಿಲ್ಲ. 'ಈಗ ತಾನೇ ತೆಗೆದಿದ್ದರೆ?' ಅಂದರು.

ಅದಕ್ಕೆ ಯಾರು ಏನು ಉತ್ತರ ಕೊಡಬೇಕು? ಎಲ್ಲರೂ ಪಾತ್ರೆ ತೊಳೆಯುವಾಕೆಯ ಕಡೆ ನೋಡಿದರು. ಅನುಮಾನಪ್ಪನವರು ಬರಿದೇ ಬಾಗಿಲು ತೆರೆಯುವವರಲ್ಲ, ಏಳು ವರ್ಷದ ಹಿಂದಿನ ಕತೆ ಎಲ್ಲರಿಗೂ ಗೊತ್ತಿತ್ತು. ನೋಡನೋಡುತ್ತಾ ಅವರೆಲ್ಲರ ನೋಟ ಬದಲಾಗಿದ್ದು ಅವಳಿಗೂ ಕಂಡಿತು.

'ಸರ್, ನಾನು ನಿಮ್ಮನ್ನ ಕರೆಸಿರಲಿಲ್ಲ. ನೀವೇ ಬಂದ್ರಿ' ಅಂದಳು. ಅಷ್ಟೇ ಅಂದದ್ದು. ಆಮೇಲೆ ಒಂದೊಂದೇ ಲೋಟ ಎತ್ತಿ ನೀರನ್ನು ತೊಟ್ಟಿಗೆ ಚೆಲ್ಲಿದಳು.

ಅವತ್ತು ಸಂಜೆಯೇ ಕಾರ್ಯದರ್ಶಿಯ ಕೈಗೆ ಚೀಟಿ ಹೋಯಿತು. ಮೊದಲ ಎರಡು ಹೆಸರು, ಮೂರನೆಯ ಜಾಗದಲ್ಲಿ 'ಲೋಟದವಳು ಬೇಡ, ಮೋಸ'. ಕಾರ್ಯದರ್ಶಿ ಮುಖ ಅರಳಿಸಿ, 'ಹಾಗಾದ್ರೆ ಮೂರನೇದಕ್ಕೆ ನನ್ನ ಕಡೆಯವರೊಂದು ತಂಡ ಇದೆ, ಹಾಕಿಬಿಡ್ತೀನಿ' ಅಂದ. ಅನುಮಾನಪ್ಪನವರಿಗೆ ಒಳಗೊಳಗೇ ಕಸಿವಿಸಿ ಆಯಿತು. ಹೂಟ ಹೂಡಿದವನು ಹೂಟ ಮುರಿದಾಗ ಇಷ್ಟು ಖುಷಿಯಾಗುತ್ತಾನೆಯೇ? ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಇನ್ನೇನೋ ನಡೆಸಿರಬೇಕು ಅಂತ ಅಂದುಕೊಂಡು ಮನೆಗೆ ಬಂದರು.

ಎರಡನೆಯ ದಿನ ಹೆಂಡತಿ ಆಸ್ಪತ್ರೆಯಿಂದ ಬಂದವರೇ ಚೀಲವನ್ನು ಮೇಜಿನ ಮೇಲೆ ಎಸೆದರು.

'ಏನ್ರೀ ಮಾಡಿ ಬಂದ್ರಿ ನೀವು? ಅವಳನ್ನ ಈಗ ಎಲ್ಲಾರೂ ರೇಡಿಯೋ ಅಂತ ಕರೀತಿದಾರೆ. "ರೇಡಿಯೋ, ಆ ತಟ್ಟೆ ತಗೋ. ರೇಡಿಯೋ, ಸೆಲ್ ಹಾಕ್ಕೊಂಡು ಬಂದ್ಯಾ?" ಇದೇ ಆಗಿದೆ. ಲೋಟಕ್ಕೆ ಸೋಪು ಬಿಟ್ಟು ಬೇರೇನೂ ಮುಟ್ಟಿಸಕೂಡದು ಅಂತ ಮೇಲ್ವಿಚಾರಕ ಹೇಳಿದಾನಂತೆ. ನಾನು ಮಾತಾಡ್ಸಿದ್ರೆ ತಲೇನೇ ಎತ್ತಲಿಲ್ಲ ಅವಳು.'

'ಮೋಸ ಮಾಡಿದೋಳು ತಲೆ ಹೇಗೆ ಎತ್ತುತಾಳೆ?'

'ಯಾವ ಮೋಸ? ಕಣ್ಣಲ್ಲಿ ನೋಡಿದ್ರಾ?'

'ಕಣ್ಣು ಯಾಕೆ ಬೇಕು? ನನ್ನ ಕಿವೀನ ನಾನು ನಂಬಬಾರದಾ? ಬೆರಳು ಎದುರಿಗಿತ್ತು ಕಣೇ, ಶಬ್ದ ಎಡಗಡೆಯಿಂದ ಬಂತು!'

'ಎಡಗಡೆಯಿಂದಲಾ?' ಅಂದರು ಹೆಂಡತಿ. ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಅವರ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಡುಗೆಮನೆಗೆ ಹೋಗಿ ಒಂದು ಲೋಟ, ಒಂದು ಚಮಚ ತಂದರು.

'ಕೂತ್ಕೊಳ್ಳಿ. ಕಣ್ಣು ಮುಚ್ಚಿ.'

'ಯಾಕೆ?'

'ಒಂದ್ಸಲನಾದ್ರೂ ಯಾಕೆ ಅನ್ನದೆ ಕಣ್ಣು ಮುಚ್ಚಿ.'

ಮುಚ್ಚಿದರು. ಟಿಣ್ ಅಂತ ಶಬ್ದ ಬಂತು. 'ಎಲ್ಲಿದೀನಿ?'

'ಎಡಗಡೆ.'

ಟಿಣ್. 'ಈಗ?'

'ಎಡಗಡೇನೇ. ನೀನು ಅಲ್ಲಾಡಲೇ ಇಲ್ಲವಲ್ಲೇ.'

ಟಿಣ್. 'ಈಗ?'

'ಅಲ್ಲೇ ಇದೀಯ. ಇದೇನು ಮಕ್ಕಳಾಟ?'

'ಕಣ್ಣು ಬಿಡಿ.'

ಎಡಗಡೆ ಯಾರೂ ಇರಲಿಲ್ಲ. ಹೆಂಡತಿ ಬಲಗಡೆ, ಕಿಟಕಿಯ ಹತ್ತಿರ, ಲೋಟ ಹಿಡಿದು ನಿಂತಿದ್ದರು.

'ಓಡಿ ಹೋಗಿ ನಿಂತ್ಕೊಂಡೆ' ಅಂದರು ಅನುಮಾನಪ್ಪನವರು.

'ಈ ಮಂಡಿ ಇಟ್ಕೊಂಡಾ?'

ಆ ಮಂಡಿಯನ್ನು ಅವರು ಬಲ್ಲರು. ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗಲು ಅದಕ್ಕೆ ಎರಡು ನಿಟ್ಟುಸಿರು ಬೇಕು. ಚಪ್ಪಲಿ ಹೊಲಿಯುವವನು ನೆನಪಾದ. ಸೈಕಲ್ಲಿನ ಬೆಲ್ಲು ನೆನಪಾಯಿತು. ಬೇರೆ ಊರಿನ ಡಾಕ್ಟರು ಇನ್ನೇನೋ ಹೇಳಲು ಬಾಯಿ ತೆರೆದದ್ದು ನೆನಪಾಯಿತು. ಯಾರೂ ಕಣ್ಣಾಮುಚ್ಚಾಲೆ ಆಡಿರಲಿಲ್ಲ. ಒಂದು ಕಿವಿ ಹೋದರೆ ಶಬ್ದ ಕೇಳುತ್ತದೆ, ಅದು ಬಂದ ದಿಕ್ಕು ಮಾತ್ರ ಉಳಿಯುವುದಿಲ್ಲ. ಎಲ್ಲ ಶಬ್ದವೂ ಇರುವ ಕಿವಿಯ ಕಡೆಯಿಂದಲೇ ಬಂದ ಹಾಗೆ ಆಗುತ್ತದೆ. ಲೋಟದವಳ ನಾದ ಅವಳ ಬೆರಳಿನಿಂದಲೇ ಬಂದಿತ್ತು.

'ನಿನಗೆ... ಗೊತ್ತಿತ್ತಾ?' ಅಂದರು.

'ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಮನೆಯವರಿಗೆ ಗೊತ್ತಾಗಲ್ವಾ? ಮದುವೆಯಾದಾಗಿಂದ ನಾನು ನಿಮ್ಮ ಬಲಗಡೆ ನಡೀತಿದ್ದೋಳು. ಚಳಿಗಾಲದಿಂದ ಎಡಗಡೆ ನಡೀತಿದೀನಿ. ಊಟಕ್ಕೆ ಎಡಗಡೆ ಕೂರ್ತೀನಿ. ಮಲಗೋ ಜಾಗಾನೂ ಬದಲಾಯಿಸಿದೆ, ಫ್ಯಾನಿನ ಗಾಳಿ ಆಗಲ್ಲ ಅಂತ ಸುಳ್ಳು ಹೇಳಿ. ನೀವಾಗೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ.' ಅವರು ಲೋಟವನ್ನು ಕಿಟಕಿಯ ಮೇಲಿಟ್ಟರು. 'ದಿಕ್ಕೂ ತಪ್ಪುತ್ತೆ ಅಂತ ಮಾತ್ರ ನನಗೂ ಇವತ್ತೇ ಹೊಳೆದದ್ದು ಕಣ್ರೀ. ಗೊತ್ತಿದ್ರೆ ನಿಮ್ಮನ್ನ ಅಲ್ಲಿಗೆ ಒಬ್ಬರನ್ನೇ ಕಳಿಸ್ತಿದ್ನಾ?'

ಅನುಮಾನಪ್ಪನವರು ನೆಲ ನೋಡುತ್ತಾ ಕೂತರು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಅಂಚೆಯವನನ್ನು ಪರೀಕ್ಷೆ ಮಾಡಿದವರಿಗೆ ಸ್ವಂತ ಹೆಂಡತಿ ಯಾವ ಕಡೆ ನಡೆಯುತ್ತಾಳೆ ಅಂತ ನಾಲ್ಕು ತಿಂಗಳು ಕಾಣಲಿಲ್ಲ. ಅವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೆ ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಪಟ್ಟಿ ಮರುದಿನ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಲೋಟದವಳ ಹೆಸರಿಗೆ ಹತ್ತಿದ ಮಸಿ ಒರೆಸಬೇಕಾದರೆ 'ನಾನು ತಪ್ಪಿದೆ' ಅಂದರೆ ಸಾಲದು, ಯಾಕೆ ತಪ್ಪಿದೆ ಅಂತ ಹೇಳಬೇಕು. ಹೇಳಿದ ಗಳಿಗೆಯಲ್ಲೇ ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಅವಳು ಜೀವಮಾನವಿಡೀ ರೇಡಿಯೋ.

ಆ ಹೊತ್ತಿನಲ್ಲೂ ಮನಸ್ಸು ಒಂದು ಕಳ್ಳದಾರಿ ಹುಡುಕಿತು ಅನ್ನುವುದನ್ನು ಮುಚ್ಚಿಡುವುದು ಬೇಡ. ಅವತ್ತು ನೆಗಡಿ ಇತ್ತು ಅನ್ನೋಣವೇ? ಹೆಂಡತಿ ಆ ಯೋಚನೆಯನ್ನು ಅವರ ಹಣೆಯ ಮೇಲೆ ಓದಿದವರ ಹಾಗೆ, 'ನೆಗಡಿಗಿಗಡಿ ಅಂತ ಕತೆ ಕಟ್ಟಬೇಡಿ ಮತ್ತೆ' ಅಂದರು.

ಮರುದಿನ ಬೆಳಿಗ್ಗೆ ಉತ್ಸವದ ಕಚೇರಿಯಲ್ಲಿ ಐದು ಜನ ಸದಸ್ಯರು, ಕಾರ್ಯದರ್ಶಿ. ಅನುಮಾನಪ್ಪನವರು ಕೂರಲಿಲ್ಲ.

'ಲೋಟದಾಕೆ ಮೋಸ ಮಾಡಿಲ್ಲ. ಮೋಸ ಮಾಡಿದ್ದು ನಾನು. ನನ್ನ ಬಲಗಿವಿ ಚಳಿಗಾಲದಲ್ಲೇ ಸತ್ತುಹೋಗಿದೆ, ಮುಚ್ಚಿಟ್ಟಿದ್ದೆ. ಶಬ್ದ ಎಲ್ಲಿಂದ ಬರುತ್ತೆ ಅಂತ ನನಗೆ ತಿಳಿಯಲ್ಲ. ಮೂರನೇ ಜಾಗ ಅವಳದು. ಅವಳಷ್ಟು ಚೆನ್ನಾಗಿ ನುಡಿಸಿದೋರನ್ನ ಹದಿನಾಲ್ಕು ವರ್ಷದಲ್ಲಿ ನಾನು ಕೇಳಿಲ್ಲ.'

ಕಾರ್ಯದರ್ಶಿ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡ. 'ಪಾಪ, ಹೀಗಾಗಬಾರದಿತ್ತು. ಹಾಗಾದ್ರೆ ಮುಂದಿನ ವರ್ಷದಿಂದ ಆಯ್ಕೆ...'

'ಮುಂದಿನ ವರ್ಷ ಯಾಕೆ? ಇವತ್ತೇ ಬಿಟ್ಟೆ. ಆದ್ರೆ ಈ ವರ್ಷದ ಮೂರು ನಂದು. ಅದರಲ್ಲಿ ಕೈ ಹಾಕಿದ್ರೆ ನೋಡು ಮತ್ತೆ.'

ಆ 'ನೋಡು ಮತ್ತೆ'ಯಲ್ಲಿ ಹಳೆಯ ಅನುಮಾನಪ್ಪನವರು ಇನ್ನೂ ಇದ್ದರು. ಕಾರ್ಯದರ್ಶಿ ಅಲ್ಲೇ ಕೂತು ಪಟ್ಟಿ ತಿದ್ದಿದ. ತಿದ್ದಿದ್ದನ್ನು ಇವರು ಎರಡು ಸಲ ಓದಿ, ಅಚ್ಚಿನ ಮನೆಗೆ ತಾವೇ ಒಯ್ದು ಕೊಟ್ಟು ಬಂದರು.

ಕ್ಯಾಂಟೀನಿಗೆ ಹೆಂಡತಿಯ ಜೊತೆ ಹೋದರು. ಪಾತ್ರೆ ತೊಳೆಯುವಾಕೆ ಬಾಗಿಲಲ್ಲಿ ಅವರನ್ನು ನೋಡಿ ಕೈ ಒರೆಸಿಕೊಂಡು, ತಾನೇ ಹೋಗಿ ದಾಸ್ತಾನು ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟಳು.

'ಈ ಸಲ ಏನು ಹುಡುಕ್ಬೇಕು ಸರ್?'

ಅನುಮಾನಪ್ಪನವರು ಎಲ್ಲರನ್ನೂ ಕರೆಸಿದರು. ಅಡುಗೆಯವನು, ಬಡಿಸುವವರು, ಮೇಲ್ವಿಚಾರಕ, ಒಬ್ಬರೂ ಬಿಡದ ಹಾಗೆ. ಎಲ್ಲರೆದುರು ಕಚೇರಿಯಲ್ಲಿ ಹೇಳಿದ್ದನ್ನೇ ಹೇಳಿದರು. 'ತಪ್ಪಾಯ್ತು ತಾಯಿ' ಅಂದರು.

ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಇದೂ ಇನ್ನೊಂದು ಪರೀಕ್ಷೆ ಅಲ್ಲ ಅಂತ ಏನು ಗ್ಯಾರಂಟಿ? ಅವಳ ಕಣ್ಣಲ್ಲಿದ್ದದ್ದು ಏನು ಅಂತ ಅನುಮಾನಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು, ಇಷ್ಟು ವರ್ಷ ಅದು ಅವರದೇ ಸೊತ್ತಾಗಿತ್ತು.

'ಹಾಗಾದ್ರೆ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ' ಅಂದಳು.

ತಿರುಗಿ ನಿಂತರು. ಅವಳು ಒಂದು ಲೋಟ ತಟ್ಟಿದಳು. ಇವರು ಕೈ ತೋರಿಸಿದರು, ತಮ್ಮ ಎಡಕ್ಕಿದ್ದ ತೊಟ್ಟಿಯ ಕಡೆ. ಯಾರೋ ಕಿಸಕ್ಕೆಂದರು. ಅವಳು ಇನ್ನೊಂದು ಬದಿಗೆ ಹೋದಳು. ಮತ್ತೆ ತಟ್ಟಿದಳು. ಮತ್ತೆ ತೊಟ್ಟಿಯ ಕಡೆಗೇ ಕೈ. ಮೂರನೇ ಸಲಕ್ಕೆ ಇಡೀ ಕೋಣೆ ನಕ್ಕಿತು. ಅಷ್ಟು ಜನರ ಪೈಕಿ ಪಾತ್ರೆ ತೊಳೆಯುವಾಕೆ ಒಬ್ಬಳು ನಗಲಿಲ್ಲ. ಅವಳು ಲೋಟ ಕೆಳಗಿಟ್ಟಳು.

'ಸಾಕು ಬಿಡಿ ಸರ್. ಬರ್ತೀನಿ. ಆದ್ರೆ ನೀವು ಮೊದಲ ಸಾಲಲ್ಲಿ ಕೂರಬೇಕು. ನಾನು ನಿಮ್ಮನ್ನ ನೋಡ್ತಾ ಇರ್ತೀನಿ.'

ಉತ್ಸವದ ಮೂರನೆಯ ದಿನ, ಮೂರು ಗಂಟೆ. ಬಿಸಿಲಿಗೆ ತಾಡಪಾಲು ಕಾದು ವಾಸನೆ ಬರುತ್ತಿತ್ತು. ಮೂಲೆ ವೇದಿಕೆಯ ಮುಂದೆ ಎಂದೂ ಇಲ್ಲದಷ್ಟು ಜನ. ಸಂಗೀತಕ್ಕೆ ಎಷ್ಟು ಮಂದಿ, ತಮಾಷೆ ನೋಡಲು ಎಷ್ಟು ಮಂದಿ, ಹೇಳಲಾಗದು. ಕಿವಿಯ ಸುದ್ದಿ ಊರಿಗೆಲ್ಲ ಹಬ್ಬಿತ್ತು, ರೇಡಿಯೋದ ಸುದ್ದಿ ಅದಕ್ಕೂ ಮೊದಲೇ ಹಬ್ಬಿತ್ತು. ಮೊದಲ ಸಾಲಿನಲ್ಲಿ ಅನುಮಾನಪ್ಪನವರು, ಎಡಕ್ಕೆ ಹೆಂಡತಿ.

ಅವಳು ಲೋಟ ಜೋಡಿಸಿದಳು. ನುಡಿಸುವ ಮೊದಲು ಮೇಜಿನ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಅಡಿಯಲ್ಲಿ ಏನೂ ಇಲ್ಲ ಅಂತ ತೋರಿಸಿದಳು.

'ಅನುಮಾನ ಇದ್ದೋರು ಬಂದು ನೋಡ್ಬಹುದು' ಅಂದಳು.

ಜನರೆಲ್ಲ ಅನುಮಾನಪ್ಪನವರ ಕಡೆ ತಿರುಗಿದರು. ಅವರು ಕೂತಲ್ಲಿಂದ ಕದಲಲಿಲ್ಲ. ಆಗ ಅವರ ಹೆಂಡತಿ ಎದ್ದರು. ಮಂಡಿ ಹಿಡಿದುಕೊಂಡು, ನಿಟ್ಟುಸಿರು ಬಿಟ್ಟು, ಗಂಡನ ಮುಂದಿನಿಂದ ಸುತ್ತಿ ಬಂದು ಅವರ ಬಲಗಡೆ ಕೂತರು. ಚಳಿಗಾಲದಿಂದ ಇದೇ ಮೊದಲ ಸಲ. ಎಡಗಡೆ ಖಾಲಿಯಾಯಿತು. ಆ ಕಿವಿಯನ್ನು ಹೆಂಡತಿ ಲೋಟದವಳಿಗೆ ಬಿಟ್ಟುಕೊಟ್ಟಿದ್ದರು.

ಬೆರಳು ಅಂಚನ್ನು ಸವರಿತು. ನಾದ ಎದ್ದಿತು. ಅನುಮಾನಪ್ಪನವರಿಗೆ ಅದು ಎಡಗಡೆಯ ನೀರಿನ ಟ್ಯಾಂಕಿನಿಂದಲೇ ಬಂದ ಹಾಗೆ ಕೇಳಿಸಿತು, ಅಷ್ಟು ಸ್ಪಷ್ಟವಾಗಿ, ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು ಅನ್ನುವಷ್ಟು. ಅವರು ತೊಡೆಯ ಮೇಲೆ ಕೈ ಒತ್ತಿ ಹಿಡಿದು ಅವಳ ಬೆರಳನ್ನೇ ನೋಡಿದರು. ಕಿವಿ ಏನು ಹೇಳಿದರೂ ಸರಿ, ಇದು ಅಲ್ಲಿಂದಲೇ ಬರುತ್ತಿದೆ ಅಂತ ತಮಗೆ ತಾವೇ ಹೇಳಿಕೊಂಡರು. ಬಾಳಿನಲ್ಲಿ ಮೊದಲ ಸಲ ಪುರಾವೆ ಇಲ್ಲದೆ ಒಂದು ಮಾತನ್ನು ನಂಬಿದರು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಅವಳು ಅದನ್ನು ನೋಡಿದಳು. ನೋಡಿ, ಬೆರಳು ಅದ್ದಿ, ಮುಂದಿನ ಲೋಟಕ್ಕೆ ಹೋದಳು.

ಅವತ್ತಿನಿಂದ ಆಸ್ಪತ್ರೆಯಲ್ಲಿ ಅವಳನ್ನು ರೇಡಿಯೋ ಅಂತ ಯಾರೂ ಕರೆಯಲಿಲ್ಲ. ಮುಂದಿನ ವರ್ಷ ಆಯ್ಕೆಗೆ ಯಾರೋ ಬಂದರು, ಮೊಬೈಲಲ್ಲಿ ಕೇಳಿ ಆರಿಸಿದರು. ಅನುಮಾನಪ್ಪನವರು ಈಗ ಎಡಗಿವಿಗೆ ಪಿಟೀಲು ಹಿಡಿದು ತಟ್ಟುತ್ತಾರೆ. ಬಿರುಕು ಈಗಲೂ ಸಿಗುತ್ತದೆ. ಬೀಗ ಮಾತ್ರ ಮೂರೇ ಸಲ ಜಗ್ಗುತ್ತಾರೆ.

ಆದರೆ ಒಂದು ವಿಷಯ ಬಗೆಹರಿದಿಲ್ಲ. ಅವತ್ತು ನಾದ ನಡೆಯುತ್ತಿರುವಾಗ, ಬಲಗಡೆ ಕೂತಿದ್ದ ಹೆಂಡತಿ ಅವರ ಸತ್ತ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ತುಟಿ ಆಡಿದ್ದನ್ನು ಅವರು ಓರೆಗಣ್ಣಿನಲ್ಲಿ ಕಂಡಿದ್ದಾರೆ. ಕೇಳಿದರೆ ಹೆಂಡತಿ, 'ಏನೂ ಇಲ್ಲಪ್ಪ, ಸೆಕೆ ಅಂದೆ' ಅನ್ನುತ್ತಾರೆ, ನಗುತ್ತಾರೆ. ಸೆಕೆ ಅನ್ನಲು ಅಷ್ಟು ಹೊತ್ತು ಬೇಕೇ? ಸೆಕೆ ಅನ್ನುವಾಗ ಯಾರಾದರೂ ಕೈ ಹಿಡಿದುಕೊಳ್ಳುತ್ತಾರೆಯೇ? ಅನುಮಾನಪ್ಪನವರಿಗೆ ಇವತ್ತಿಗೂ ಅನುಮಾನ.